ರಿಜೆಕ್ಟ್ ಆಗಿ ವಾಪಸ್ ಬಂದ ಮಾಲು ಇನ್ವರ್ಡಾ ಔಟ್ವರ್ಡಾ? ತಲೆ ಕೆಟ್ಟೋಗಿದೆ

ಸ್ಟೋರ್ಸ್ ಹೊಸಬ

ಎಲ್ರಿಗೂ ನಮಸ್ಕಾರ. ನಾನು ಪೀಣ್ಯದಲ್ಲಿ ಒಂದು ಸಣ್ಣ ಮಷೀನ್ ಶಾಪಲ್ಲಿ ಸ್ಟೋರ್ಸ್ ಅಸಿಸ್ಟೆಂಟ್ ಆಗಿ ಸೇರ್ಕೊಂಡಿದೀನಿ, ಓದಿದ್ದು ಕನ್ನಡ ಮೀಡಿಯಂ, ಆಮೇಲೆ ಐಟಿಐ ಫಿಟ್ಟರ್. ಇನ್ವರ್ಡ್ ಅಂದ್ರೆ ಒಳಗೆ, ಔಟ್ವರ್ಡ್ ಅಂದ್ರೆ ಹೊರಗೆ, ಅಷ್ಟು ನಂಗೂ ಗೊತ್ತು, ದಯವಿಟ್ಟು ಅದನ್ನೇ ಹೇಳೋಕೆ ಬರ್ಬೇಡಿ 😅

ವಿಷ್ಯ ಏನಂದ್ರೆ, ಕಸ್ಟಮರಿಗೆ ಕಳಿಸಿದ್ದ ಬುಶ್‌ಗಳಲ್ಲಿ ಒಂದು ಲಾಟ್, ಒಳಗಿನ ತೂತಿನ (ಬೋರ್) ಸೈಜ್ ಓವರ್ ಅಂತ ರಿಜೆಕ್ಟ್ ಆಗಿ ವಾಪಸ್ ಬಂತು. ಗೇಟಲ್ಲಿ ಸೆಕ್ಯುರಿಟಿ ಅಣ್ಣ ಇನ್ವರ್ಡ್ ಸೀಲ್ ಹೊಡ್ದು ನಂಬರ್ ಹಾಕಿ ಒಳಕ್ಕೆ ಬಿಟ್ರು, ನಾನೂ ಇನ್ವರ್ಡ್ ರಿಜಿಸ್ಟರಲ್ಲಿ ಬರ್ಕೊಂಡೆ. ಸಾಯಂಕಾಲ ಅಕೌಂಟ್ಸ್ ಮೇಡಂ ಬಂದು "ಇದು ಇನ್ವರ್ಡ್ ಅಲ್ಲಪ್ಪ, ಔಟ್ವರ್ಡಲ್ಲಿ ಮೈನಸ್ ಆಗ್ಬೇಕು" ಅಂದ್ರು. ಸೂಪರ್ವೈಸರ್ ಕೇಳಿದ್ರೆ "ರಿಟರ್ನ್ ಇನ್ವರ್ಡ್ ಅಂತ ಬರಿ, ಮುಗೀತು" ಅಂತಾರೆ. ಡಬ್ಬ ಅದೇ, ಬುಶ್ ಅವೇ, ಮೂರು ಜನ ಮೂರು ಥರ ಹೇಳ್ತಾರೆ, ಮೂರು ಜನಾನೂ ಫುಲ್ ಕಾನ್ಫಿಡೆಂಟು.

ಇದ್ರ ಜೊತೆ ಸಂಡೇ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗ್ತೀನಿ, ಅಲ್ಲಿ "ಹೀ ವಾಸ್ ಔಟ್ವರ್ಡ್ಲಿ ಕಾಮ್" ಅಂತ ಒಂದು ಸೆಂಟೆನ್ಸ್ ಬಂತು. ಅಲ್ಲಿ ಯಾವ ಗೇಟೂ ಇಲ್ಲ, ಯಾವ ಮಾಲೂ ಇಲ್ಲ. ಹಾಗಾದ್ರೆ "ಐ ಆಮ್ ವೈಟಿಂಗ್ ಔಟ್ವರ್ಡ್" ಅಂತ ಯಾಕೆ ಹೇಳಂಗಿಲ್ಲ, ಔಟ್‌ಸೈಡ್ ಅಂತಾನೇ ಯಾಕ್ ಹೇಳ್ಬೇಕು? ಯಾರಾದ್ರು ಒಂದೇ ಸಲ ಬಿಡಿಸಿ ಹೇಳ್ರಪ್ಪ.

ಹಳೇ ಗೇಟ್‌ಪಾಸ್

ಮೂರು ಜನ ಹೇಳಿದ್ದೂ ಸರಿ ಇದೆ ತಮ್ಮಾ, ಅದೇ ಮಜಾ ಇದ್ರಲ್ಲಿ. ಇನ್ವರ್ಡ್ ಔಟ್ವರ್ಡ್ ಅಂತ ಯಾರೇ ಅಂದ್ರೂ ಮೊದ್ಲು ಕೇಳ್ಬೇಕಾಗಿರೋದು ಏನು ಓಡಾಡ್ತಿದೆ ಅಂತ. ಮಾಲಾ, ಕಾಗದನಾ, ದುಡ್ಡಾ, ಇಲ್ಲಾ ಬರೀ ಲೆಕ್ಕನಾ. ಸೆಕ್ಯುರಿಟಿಗೆ ಕಾಣ್ಸೋದು ಮಾಲು ಮಾತ್ರ. ಗಾಡಿ ಗೇಟಿಂದ ಒಳಕ್ಕೆ ಬಂತಾ, ಇನ್ವರ್ಡ್. ಅದು ಹೊಸದಾಗಿ ತಗೊಂಡ ರಾಡೋ, ರಿಜೆಕ್ಷನ್ನೋ, ಓನರ್ ಮನೆ ಫ್ರಿಜ್ಜೋ, ಅವ್ರಿಗೆ ಬೇಕಾಗಿಲ್ಲ. ಸ್ಟೋರ್ಸ್ ರಿಜಿಸ್ಟರೂ ಹಾಗೇ. ಸೋ ನೀನು ಬರೆದಿದ್ದು ಕರೆಕ್ಟೇ ಇದೆ, ಯಾರ್ ಬಂದು ಹೇಳಿದ್ರೂ ಹೊಡೆದು ಹಾಕ್ಬೇಡ. ರಿಮಾರ್ಕ್ಸ್ ಕಾಲಮಲ್ಲಿ ಕಸ್ಟಮರ್ ರಿಜೆಕ್ಷನ್ ಅಂತ, ನಮ್ದೇ ಹಳೇ ಇನ್ವಾಯ್ಸ್ ನಂಬರ್, ಅವ್ರ ಚಲನ್ ನಂಬರ್, ಇಷ್ಟು ಬರಿ ಸಾಕು. ಆ ಮಾಲನ್ನ ಒಳ್ಳೆ ಸ್ಟಾಕ್ ಜೊತೆ ಮಾತ್ರ ಸೇರಿಸ್ಬೇಡ, ಕೆಂಪು ಟ್ಯಾಗ್ ಹಾಕಿ ಬೇರೆ ಬಿನ್ನಲ್ಲಿ ಇಡು.

ಇನ್ನೊಂದು ನಾಳೆ ನಾಡಿದ್ದು ಬಂದೇ ಬರುತ್ತೆ ನಿಂಗೆ, ಪ್ಲೇಟಿಂಗಿಗೆ, ಅಂದ್ರೆ ಮೇಲೆ ಲೋಹದ ಲೇಪನ ಹಾಕ್ಸೋಕೆ ಕಳ್ಸೋದು. ಮಾಲು ಗೇಟ್ ದಾಟುತ್ತೆ, ಆದ್ರೆ ಮಾರಿಲ್ಲ, ನಮ್ದೇ ಅದು. ಅದಕ್ಕೆ ರಿಟರ್ನಬಲ್ ಗೇಟ್ ಪಾಸ್, ಆರ್‌ಜಿಪಿ ಅಂತೀವಿ, ಜೊತೆಗೆ ಡೆಲಿವರಿ ಚಲನ್. ಹೋಗುವಾಗ ಔಟ್ವರ್ಡ್ ಬುಕ್ಕಲ್ಲಿ ಬರ್ದು, ಬಂದಾಗ ಇನ್ವರ್ಡ್ ಬುಕ್ಕಲ್ಲಿ ಅದೇ ಆರ್‌ಜಿಪಿ ನಂಬರ್ ಹಾಕಿ ಟ್ಯಾಲಿ ಮಾಡ್ಬೇಕು. ಹೀಗೆ ಜಾಬ್ ವರ್ಕಿಗೆ (ಬೇರೆಯವ್ರ ಹತ್ರ ಕೆಲ್ಸ ಮಾಡ್ಸೋಕೆ) ಹೋದ ಮಾಲು 1 ವರ್ಷದೊಳಗೆ ವಾಪಸ್ ಬರ್ಬೇಕು ಅಂತ ಜಿಎಸ್‌ಟಿಲಿ ರೂಲ್ ಇದೆ, ಬರ್ಲಿಲ್ಲ ಅಂದ್ರೆ ಕಳಿಸಿದ ದಿನಾನೇ ಮಾರಿದ್ದು ಅಂತ ಲೆಕ್ಕಕ್ಕೆ ತಗೋತಾರೆ. ಮಷೀನ್ ಥರದ್ದು ಆದ್ರೆ 3 ವರ್ಷ. ನಮ್ ಹಳೇ ಕಂಪ್ನಿಲಿ ಆರ್‌ಜಿಪಿ ಬುಕ್ ಯಾರೂ ನೋಡ್ತಾನೇ ಇರ್ಲಿಲ್ಲ, ಆಡಿಟ್ ಬಂದಾಗ ಹೋದ ಮಾಲು ಯಾವ ಪ್ಲೇಟರ್ ಹತ್ರ ಇದೆ ಅಂತ ಪೀಣ್ಯ ಪೂರ್ತಿ ಗಾಡೀಲಿ ಸುತ್ತೋರು.

ಡೆಬಿಟ್ ಕ್ರೆಡಿಟ್ ಮೇಷ್ಟ್ರು

ಮೇಲಿನವ್ರು ಗೇಟ್ ಕಡೆಯಿಂದ ಚೆನ್ನಾಗಿ ಹೇಳಿದಾರೆ, ನಾನು ಮೇಡಂ ಪರವಾಗಿ ವಾದ ಮಾಡ್ತೀನಿ. ಪಿಯುಸಿ ಕಾಮರ್ಸ್ ಮಕ್ಕಳು ಪ್ರತಿ ವರ್ಷ ಎಡವೋ ಜಾಗ ಇದು.

ಲೆಕ್ಕದ ಪುಸ್ತಕದಲ್ಲಿ ರಿಟರ್ನ್ ಇನ್ವರ್ಡ್ ಅಂದ್ರೆ ಸೇಲ್ಸ್ ರಿಟರ್ನು, ನಾವು ಮಾರಿದ್ದು ನಮಗೇ ವಾಪಸ್ ಬಂದಿದ್ದು, ಅದನ್ನ ಸೇಲ್ಸಲ್ಲಿ ಕಳೀತೀವಿ. ರಿಟರ್ನ್ ಔಟ್ವರ್ಡ್ ಅಂದ್ರೆ ನಾವು ತಗೊಂಡಿದ್ದನ್ನ ಚೆನ್ನಾಗಿಲ್ಲ ಅಂತ ವಾಪಸ್ ಕಳಿಸಿದ್ದು, ಅದನ್ನ ಪರ್ಚೇಸಲ್ಲಿ ಕಳೀತೀವಿ. ಮಕ್ಕಳು ಏನ್ ಮಾಡ್ತಾರೆ ಅಂದ್ರೆ ಇನ್ವರ್ಡ್ ಅಂತ ಕಂಡ ತಕ್ಷಣ ಒಳಗೆ ಬರೋದು ಅಂದ್ರೆ ಪರ್ಚೇಸು ಅಂತ ಅದ್ರ ಕೆಳಗೆ ಬರ್ದು ಕೂತ್ಕೋತಾರೆ. ಮಾಲು ಒಳಗೆ ಬಂದಿರೋದು ನಿಜ, ಆದ್ರೆ ಅದು ಕಡಿಮೆ ಮಾಡೋದು ಹೊರಗೆ ಹೋದ ಮಾಲಿನ ಲೆಕ್ಕನ. ನಿಮ್ ಸೂಪರ್ವೈಸರ್ ಹೇಳಿದ್ದು ಈ ಹೆಸರು, ಮೇಡಂ ಹೇಳಿದ್ದು ಅದ್ರ ಪರಿಣಾಮ.

ಜಿಎಸ್‌ಟಿಲಿ ಇನ್ನೂ ಚೆನ್ನಾಗಿ ಕಾಣ್ಸುತ್ತೆ. ಜಿಎಸ್‌ಟಿಆರ್-1 ಅಂದ್ರೆ ಔಟ್ವರ್ಡ್ ಸಪ್ಲೈ ಪಟ್ಟಿ, ನಾವು ಮಾರಿದ್ದು. ರಿಜೆಕ್ಷನ್ ವಾಪಸ್ ಬಂದ್ರೆ ನೀವು ಕ್ರೆಡಿಟ್ ನೋಟ್ ಕೊಡ್ತೀರ, ಅಂದ್ರೆ ಬಿಲ್ಲಲ್ಲಿ ಇಷ್ಟು ಕಡಿಮೆ ಮಾಡಿದೀವಿ ಅನ್ನೋ ಚೀಟಿ, ಆ ಕ್ರೆಡಿಟ್ ನೋಟ್ ಹೋಗಿ ಕೂರೋದು ಅದೇ ಜಿಎಸ್‌ಟಿಆರ್-1 ಒಳಗೆ, ಮೈನಸ್ ಆಗಿ. ಮಾರಿದ ಆರ್ಥಿಕ ವರ್ಷ ಮುಗಿದ್ಮೇಲೆ ಬರೋ ನವೆಂಬರ್ 30ರ ತನಕ ಅದಕ್ಕೆ ಟೈಮ್ ಇರುತ್ತೆ, ಅದಕ್ಕೂ ಮುಂಚೆ ವಾರ್ಷಿಕ ರಿಟರ್ನ್ ಹಾಕಿಬಿಟ್ರೆ ಅಲ್ಲಿಗೇ ಬಂದ್. ಈಗ ತಮಾಷೆ ನೋಡಿ, ಅದೇ ಮಾಲು ಗಾಡೀಲಿ ವಾಪಸ್ ಬರೋಕೆ ನೀವೇ ಇ-ವೇ ಬಿಲ್ (ಮಾಲು ಸಾಗಿಸೋಕೆ ಆನ್‌ಲೈನಲ್ಲಿ ಮಾಡೋ ಜಿಎಸ್‌ಟಿ ಕಾಗದ) ಮಾಡ್ಬೇಕಾಗಿ ಬಂತು ಅನ್ಕೊಳ್ಳಿ, ಪೋರ್ಟಲ್ ಓಪನ್ ಮಾಡಿದ್ ತಕ್ಷಣ ಮೊದಲ್ನೇ ಪ್ರಶ್ನೆನೇ ಔಟ್ವರ್ಡಾ ಇನ್ವರ್ಡಾ ಅಂತ. ಸೇಲ್ಸ್ ರಿಟರ್ನ್ ಅನ್ನೋ ಆಪ್ಷನ್ ಇರೋದು ಇನ್ವರ್ಡ್ ಕೆಳಗೆ. ಜಾಬ್ ವರ್ಕ್ ರಿಟರ್ನ್ಸೂ ಅಲ್ಲೇ. ಅದೇ ಸರ್ಕಾರ, ಅದೇ ಟ್ಯಾಕ್ಸು, ಅದೇ ಮಾಲು, ಇ-ವೇ ಬಿಲ್ಲಲ್ಲಿ ಇನ್ವರ್ಡ್, ಟ್ಯಾಕ್ಸ್ ರಿಟರ್ನಲ್ಲಿ ಔಟ್ವರ್ಡಲ್ಲಿ ಮೈನಸ್. ಯಾಕಂದ್ರೆ ಇ-ವೇ ಬಿಲ್ ನೋಡೋದು ಗಾಡಿನ, ಜಿಎಸ್‌ಟಿಆರ್-1 ನೋಡೋದು ಮಾರಾಟನ. ನಿಮ್ ಸೆಕ್ಯುರಿಟಿಗೂ ಮೇಡಮ್ಮಿಗೂ ಇರೋ ಜಗಳಾನೇ ಇದು.

ಬಾಡಿಗೆ ವಿಷ್ಯ ಒಂದು ಹೇಳಿ ಮುಗಿಸ್ತೀನಿ. ಕ್ಯಾರೇಜ್ ಇನ್ವರ್ಡ್ಸ್ ಅಂದ್ರೆ ಮಾಲು ನಮ್ ಬಾಗಿಲಿಗೆ ತರೋಕೆ ಆದ ಟೆಂಪೋ ಬಾಡಿಗೆ, ಅದು ಮಾಲಿನ ಅಸಲಿಗೇ ಸೇರುತ್ತೆ, ಟ್ರೇಡಿಂಗ್ ಅಕೌಂಟಿಗೆ ಹೋಗುತ್ತೆ. ಕ್ಯಾರೇಜ್ ಔಟ್ವರ್ಡ್ಸ್ ಅಂದ್ರೆ ಗಿರಾಕಿಗೆ ತಲುಪಿಸೋ ಬಾಡಿಗೆ, ಮಾರೋ ಖರ್ಚು, ಪ್ರಾಫಿಟ್ ಅಂಡ್ ಲಾಸಿಗೆ. ಎರಡೂ ಸಲ ದುಡ್ಡು ಹೋಗಿದ್ದು ನಮ್ ಜೇಬಿಂದ ಹೊರಕ್ಕೇ, ಆದ್ರೂ ಒಂದು ಇನ್ವರ್ಡ್ ಒಂದು ಔಟ್ವರ್ಡ್, ಅಂದ್ರೆ ಅಲ್ಲಿ ಆ ಪದ ದುಡ್ಡಿಗೆ ಸಂಬಂಧಪಟ್ಟಿದ್ದಲ್ಲ.

ಸ್ಟೋರ್ಸ್ ಹೊಸಬ

ಇ-ವೇ ಬಿಲ್ ಪಾಯಿಂಟ್ ಸೂಪರ್ ಸಾರ್, ನಾಳೆ ಮೇಡಮ್ಮಿಗೆ ತೋರಿಸ್ತೀನಿ, ಬೈಸ್ಕೊಂಡ್ರೂ ಪರ್ವಾಗಿಲ್ಲ. ಬ್ಯಾಂಕಲ್ಲೂ ಇದೇ ಥರನಾ? ನಮ್ ಓನರ್ ಮೊನ್ನೆ "ಔಟ್ವರ್ಡ್ ರಿಟರ್ನ್ ಚಾರ್ಜ್ ಅಂತ ಕಟ್ ಮಾಡಿದಾರೆ, ನಾನು ಯಾರಿಗೂ ಚೆಕ್ಕೇ ಕೊಟ್ಟಿಲ್ಲ" ಅಂತ ಫೋನಲ್ಲಿ ಕೂಗಾಡ್ತಿದ್ರು.

ಧಾರವಾಡ ಕಡೆಯಾಂವ

ನಾ ಬ್ಯಾಂಕಿನ್ಯಾಗ ಇದ್ದಾಂವ, ಈಗ ರಿಟೈರ್ ಆಗೇನಿ, ಅದಕ್ಕ ಆರಾಮಾಗಿ ಹೇಳ್ತೀನಿ ಕೇಳ್ರಿ. ನಿಮ್ಮ ಓನರ್ ಚೆಕ್ ಕೊಟ್ಟಿಲ್ಲ, ಆದ್ರ ಯಾರೋ ಅವ್ರಿಗೆ ಕೊಟ್ಟಿದ್ದ ಚೆಕ್ ತಮ್ಮ ಅಕೌಂಟಿಗೆ ಹಾಕಿರ್ತಾರ, ಅದು ಬೌನ್ಸ್ ಆಗೇದ. ಅದು ಔಟ್ವರ್ಡ್ ರಿಟರ್ನ್. ನೀವು ಚೆಕ್ ಡೆಪಾಸಿಟ್ ಮಾಡಿದ್ರಿ ಅಂದ್ರ ನಿಮ್ಮ ಬ್ಯಾಂಕು ಅದನ್ನ ಕ್ಲಿಯರಿಂಗಿಗೆ ಹೊರಗ ಕಳಸ್ತದ, ಔಟ್ವರ್ಡ್ ಕ್ಲಿಯರಿಂಗ್. ಅದೇ ನೀವು ಬರದು ಕೊಟ್ಟ ಚೆಕ್ ಬ್ಯಾರೆ ಬ್ಯಾಂಕಿನಿಂದ ನಿಮ್ಮ ಬ್ಯಾಂಕಿಗೆ ಬರ್ತದ, ಅದು ಇನ್ವರ್ಡ್ ಕ್ಲಿಯರಿಂಗ್, ರೊಕ್ಕ ಇಲ್ಲಂತ ವಾಪಸ್ ಮಾಡಿದ್ರ ಇನ್ವರ್ಡ್ ರಿಟರ್ನ್ ಚಾರ್ಜ್ ಹಾಕ್ತಾರ.

ಹೆಸರಲ್ಲೇನಿದೆ

ಅಲ್ಲಾ ಸಾರ್ ಇದು ಫುಲ್ ಉಲ್ಟಾ ಆಯ್ತಲ್ಲ. ನಾನು ಡೆಪಾಸಿಟ್ ಮಾಡಿದ್ರೆ ದುಡ್ಡು ಒಳಗೆ ಬರ್ಬೇಕಾಗಿತ್ತು, ಸೋ ಇನ್ವರ್ಡ್. ನಾನು ಚೆಕ್ ಕೊಟ್ರೆ ದುಡ್ಡು ಹೊರಗೆ ಹೋಗ್ಬೇಕಾಗಿತ್ತು, ಸೋ ಔಟ್ವರ್ಡ್. ಕಾಮನ್ ಸೆನ್ಸ್ ಪ್ರಕಾರ ಹಾಗೇ ತಾನೇ ಇರ್ಬೇಕು? ಬ್ಯಾಂಕಿನವ್ರು ಬೇಕಂತಲೇ ಜನಕ್ಕೆ ಅರ್ಥ ಆಗ್ಬಾರ್ದು ಅಂತ ಇಟ್ಟಿದಾರೆ.

ಧಾರವಾಡ ಕಡೆಯಾಂವ

ಬೇಕಂತ ಇಟ್ಟಿಲ್ಲೋ ಮಾರಾಯಾ 😄 ನೀ ರೊಕ್ಕ ಎತ್ತಾಗ ಹೊಂಟದ ನೋಡಾಕತ್ತಿ, ಬ್ಯಾಂಕು ಚೆಕ್ ಎತ್ತಾಗ ಹೊಂಟದ ನೋಡ್ತದ. ಚೆಕ್ಕು ರೊಕ್ಕ ಯಾವಾಗ್ಲೂ ಎದುರಾಬದುರು ನಡೀತಾವ, ಚೆಕ್ ಹೊರಗ ಹೋದ್ರ ರೊಕ್ಕ ಒಳಗ ಬರ್ತದ. ಮೊದಲ ನಾವು ಚೆಕ್ಕಿನ ಕಟ್ಟು ಕಟ್ಟಿ, ಲಿಸ್ಟ್ ಹಚ್ಚಿ, ಕ್ಲಿಯರಿಂಗ್ ಹೌಸಿಗೆ ಒಯ್ದು ಕೊಡ್ತಿದ್ವಿ, ಅಲ್ಲಿಂದ ನಮ್ಮ ಬ್ಯಾಂಕಿನ ಮ್ಯಾಲಿನ ಚೆಕ್ಕಿನ ಕಟ್ಟು ತರ್ತಿದ್ವಿ. ಒಯ್ಯೂದು ಔಟ್ವರ್ಡ್, ತರೂದು ಇನ್ವರ್ಡ್, ಹೆಸರು ಅಲ್ಲಿಂದ ಬಂದದ್ದು. ಈಗ ಚೆಕ್ ಎಲ್ಲೂ ಹೋಗೂದಿಲ್ಲ, ಡೆಪಾಸಿಟ್ ಮಾಡಿದ ಬ್ಯಾಂಕಿನ್ಯಾಗ ಉಳೀತದ, ಫೋಟೋ ಅಷ್ಟ ಹೋಗ್ತದ, ಸಿಟಿಎಸ್ ಅಂತ 2008ರಾಗ ದಿಲ್ಲಿಯೊಳಗ ಶುರು ಮಾಡಿದ್ರು. ಕಾಗದ ನಿಂತ್ರೂ ಹೆಸರು ಉಳಕೊಂಡಾವ.

ರೆಮಿಟೆನ್ಸ್ ಅಂದಾಗ ಮಾತ್ರ ನೀ ಹೇಳಿದಂಗ, ರೊಕ್ಕದ ದಿಕ್ಕೇ ಲೆಕ್ಕ. ಅಮೆರಿಕಾದಿಂದ ಮಗ ಕಳಿಸಿದ್ದು ಇನ್ವರ್ಡ್ ರೆಮಿಟೆನ್ಸ್, ಮಗಳ ಫೀಸು ಜರ್ಮನಿಗೆ ಕಳಿಸಿದ್ರ ಔಟ್ವರ್ಡ್. ಅಲ್ಲಿ ದೇಶಾನ ಗೇಟು. ಹೊರಗ ಕಳಸಾಕ ಒಬ್ರಿಗೆ ಒಂದು ಆರ್ಥಿಕ ವರ್ಷಕ್ಕ 2,50,000 ಡಾಲರ್ ತನಕ ಆರ್‌ಬಿಐ ಪರ್ಮಿಷನ್ ಅದ. ಫಾರ್ಮ್ ತುಂಬೂ ಮುಂದ ಯಾವುದು ಚಲಿಸಾಕತ್ತದ ಅಂತ ಒಮ್ಮೆ ಕೇಳ್ಕೋರಿ ಅಷ್ಟ.

ಇಂಗ್ಲಿಷ್ ಟೀಚರಮ್ಮ

ಆಫೀಸ್ ಕಡೆದು ಎಲ್ಲ ಬಂತು, ಸ್ಪೋಕನ್ ಇಂಗ್ಲಿಷ್ ಪ್ರಶ್ನೆನ ಯಾರೂ ಮುಟ್ಟೇ ಇಲ್ಲ, ಪಾಪ ಹುಡುಗ ಕಾಯ್ತಿದಾನೆ, ಔಟ್ವರ್ಡ್ ಅಲ್ಲ ಔಟ್‌ಸೈಡ್ :)

ಇದಕ್ಕೆ ಕನ್ನಡದಲ್ಲೇ ಉತ್ತರ ಇದೆ. "ಹೊರಗೆ ಕಾಯ್ತಿದೀನಿ" ಅಂತೀವಿ, "ಹೊರಕ್ಕೆ ಕಾಯ್ತಿದೀನಿ" ಅಂತ ಯಾರಾದ್ರೂ ಅಂತಾರಾ? ಹೊರಕ್ಕೆ ಅಂದ್ರೆ ಏನೋ ಒಂದು ಆ ಕಡೆ ಹೋಗ್ತಿರ್ಬೇಕು, ತಳ್ತಿರ್ಬೇಕು, ಚಾಚಿರ್ಬೇಕು. ಔಟ್‌ಸೈಡ್ ಹೊರಗೆ, ಔಟ್ವರ್ಡ್ ಹೊರಕ್ಕೆ. ಇನ್‌ಸೈಡ್ ಒಳಗೆ, ಇನ್ವರ್ಡ್ ಒಳಕ್ಕೆ. ಆ ವರ್ಡ್ ಅನ್ನೋ ಬಾಲ ಫಾರ್ವರ್ಡ್, ಬ್ಯಾಕ್ವರ್ಡ್, ಅಪ್ವರ್ಡ್, ಹೋಮ್ವರ್ಡ್ ಎಲ್ಲದ್ರಲ್ಲೂ ಇದೆ, ಎಲ್ಲಾ ಕಡೆನೂ ದಿಕ್ಕೇ. ಕಾಯೋದಕ್ಕೆ ದಿಕ್ಕು ಬೇಡ, ಜಾಗ ಸಾಕು, ಅದಕ್ಕೆ ಅಲ್ಲಿ ಔಟ್ವರ್ಡ್ ಒಗ್ಗಲ್ಲ.

ಈಗ ಬಾಗಿಲು ತಗೊಳ್ಳಿ. "ದ ಡೋರ್ ಓಪನ್ಸ್ ಇನ್ವರ್ಡ್ಸ್" ಅಂದ್ರೆ ಯಾರ ಕಡೆಗೆ? ನಾನು ಕಾರಿಡಾರಲ್ಲಿ ನಿಂತಿದೀನಿ, ಬಾಗಿಲು ನನ್ನಿಂದ ದೂರ ಹೋಯ್ತು, ರೂಮೊಳಗಿರೋರಿಗೆ ಅವ್ರ ಮೂತಿಗೇ ಬಂತು. ಆದ್ರೂ ಇಬ್ರೂ ಇನ್ವರ್ಡ್ಸ್ ಅಂತಾನೇ ಹೇಳ್ಬೇಕು, ಯಾಕಂದ್ರೆ ಲೆಕ್ಕ ರೂಮಿಂದು, ಮಾತಾಡೋರದ್ದಲ್ಲ. ಕಮ್ ಗೋ ಮಾತ್ರ ಬೇರೆ, ನಮ್ಮ ಬಾ ಹೋಗು ಥರ ಅಲ್ಲಿ ಮಾತಾಡೋರು ಎಲ್ಲಿದಾರೆ ಅನ್ನೋದು ಮುಖ್ಯ. ಬಹಳ ಜನ ಈ ಎರಡನ್ನ ಕಲಸ್ಕೊಂಡು "ನನ್ನ ಕಡೆ ಬಂದ್ರೆ ಇನ್ವರ್ಡ್" ಅನ್ಕೋತಾರೆ, ಹಾಗಲ್ಲ. ಹೊತ್ತಿ ಉರಿಯೋವಾಗ ಜನ ತಳ್ಕೊಂಡು ಹೊರಗೆ ಹೋಗೋ ಹಾಗಿರ್ಬೇಕು ಅಂತ ಸಿನಿಮಾ ಹಾಲ್ ಥರದ ಕಡೆ ಎಕ್ಸಿಟ್ ಬಾಗಿಲು ಔಟ್ವರ್ಡ್ಸ್ ತೆಗೀಬೇಕು ಅಂತ ನ್ಯಾಷನಲ್ ಬಿಲ್ಡಿಂಗ್ ಕೋಡಲ್ಲಿ ಇದೆ, ಅಲ್ಲೂ ಹೊರಕ್ಕೆ ಅಂದ್ರೆ ಹಾಲಿಂದ ಹೊರಕ್ಕೆ ಅಂತಾನೇ.

ಔಟ್ವರ್ಡ್ಲಿ ಕಾಮ್ ಅಂದಾಗ ಆ ರೂಮಿನ ಜಾಗದಲ್ಲಿ ಮನುಷ್ಯ ಬಂದ. ಮೇಲ್ನೋಟಕ್ಕೆ ತಣ್ಣಗಿದಾನೆ ಅಂತ ಅಷ್ಟೇ. ಇನ್ವರ್ಡ್ಲಿ ಅಂದ್ರೆ ಒಳಗೊಳಗೇ. "ಔಟ್ವರ್ಡ್ಲಿ ಶೀ ಅಗ್ರೀಡ್, ಇನ್ವರ್ಡ್ಲಿ ಶೀ ವಾಸ್ ಫ್ಯೂಮಿಂಗ್", ಹೂಂ ಅಂದ್ಲು, ಒಳಗೊಳಗೇ ಕುದೀತಿದ್ಲು. ಇಲ್ಲಿ ದಿಕ್ಕು ಸವೆದು ಹೋಗಿ ಕಾಣೋದು ಕಾಣದೇ ಇರೋದು ಅನ್ನೋ ಅರ್ಥ ಉಳ್ಕೊಂಡಿದೆ. ಬಾಗಿಲಿಗೆ ಮಾತ್ರ ಇನ್ವರ್ಡ್ಲಿ ಅಂತ ಹಚ್ಬೇಡಿ, ಕೇಳೋಕೆ ಬಾಗಿಲಿಗೇ ಬೇಜಾರಾದ ಹಾಗಿರುತ್ತೆ. ಇನ್ವರ್ಡ್ಸ್ ಔಟ್ವರ್ಡ್ಸ್ ಅಂತ ಕೊನೇಲಿ ಎಸ್ ಹಾಕೋದು ಬ್ರಿಟಿಷರ ಅಭ್ಯಾಸ, ಅದೂ ಕ್ರಿಯೆ ಜೊತೆ ಬಂದಾಗ. ಅಮೆರಿಕದವ್ರು ಹೆಚ್ಚಾಗಿ ಹಾಕಲ್ಲ. ಔಟ್ವರ್ಡ್ ಅಪಿಯರೆನ್ಸ್ ಅಂತ ನಾಮಪದಕ್ಕೆ ಮುಂಚೆ ಬಂದ್ರೆ ಯಾರೂ ಹಾಕಲ್ಲ.

ಇನ್ನೆರಡು ಹಾಗೇ ನೆನಪಾಯ್ತು. ಎಲ್ರ ಜೊತೆ ಬೆರೆಯೋ ಮನುಷ್ಯ ಔಟ್‌ಗೋಯಿಂಗ್, ಔಟ್ವರ್ಡ್ ಪರ್ಸನ್ ಅಲ್ಲ. ಮತ್ತೆ ಇಂಗ್ಲೆಂಡಲ್ಲಿ ಟ್ರೈನ್ ಟಿಕೆಟ್ ಬುಕ್ ಮಾಡಿದ್ರೆ ಹೋಗೋ ಪ್ರಯಾಣಕ್ಕೆ ಹೆಚ್ಚಾಗಿ ಔಟ್ವರ್ಡ್ ಅಂತ ಇರುತ್ತೆ, ಬರೋದಕ್ಕೆ ಸಾಮಾನ್ಯವಾಗಿ ಇನ್ವರ್ಡ್ ಅಂತ ಇರಲ್ಲ, ರಿಟರ್ನ್ ಅಂತ ಇರುತ್ತೆ. ಸೋ ಎರಡನ್ನೂ ಯಾವಾಗ್ಲೂ ಜೋಡಿ ಅನ್ಕೊಂಡು ಒಂದಕ್ಕೆ ಇನ್ನೊಂದು ಉಲ್ಟಾ ಅಂತ ಬಾಯಿಪಾಠ ಮಾಡೋದು ವೇಸ್ಟು.

ಪಣಂಬೂರು ಬ್ರೋಕರ್

ಟೀಚರ್ ಹೇಳಿದ ರೂಮ್ ಲೆಕ್ಕ ನೋಡಿ ನಗು ಬಂತು ಮಾರ್ರೆ, ನಮ್ಮಲ್ಲಿ ಹಡಗಿನದ್ದು ಹೀಗೇ. ನಾನು ಮಂಗಳೂರು ಬಂದರಲ್ಲಿ ಕಸ್ಟಮ್ಸ್ ಕ್ಲಿಯರೆನ್ಸ್ ಕೆಲಸದಲ್ಲಿರುವುದು. ಹಡಗು ಬಂದು ಜೆಟ್ಟಿಗೆ ಕಟ್ಟಿದ ಮಾತ್ರಕ್ಕೆ ಇಂಪೋರ್ಟ್ ಮಾಲು ಇಳಿಸಲಿಕ್ಕೆ ಆಗುವುದಿಲ್ಲ, ಕಸ್ಟಮ್ಸಿನವರು ಆ ಹಡಗಿಗೆ ಎಂಟ್ರಿ ಇನ್ವರ್ಡ್ಸ್ ಕೊಡಬೇಕು, 1962ರ ಕಸ್ಟಮ್ಸ್ ಆಕ್ಟಿನ ಸೆಕ್ಷನ್ 31. ಅದೇ ಹಡಗಿಗೆ ಎಕ್ಸ್‌ಪೋರ್ಟ್ ಮಾಲು ಹತ್ತಿಸಬೇಕಾದ್ರೆ ಎಂಟ್ರಿ ಔಟ್ವರ್ಡ್ಸ್, ಸೆಕ್ಷನ್ 39. ಹೊಸಬರು ಎಂಟ್ರಿ ಅಂದ್ರೆ ಒಳಗೆ ಬರುವುದಲ್ವಾ, ಅದರಲ್ಲಿ ಔಟ್ವರ್ಡ್ ಎಲ್ಲಿಂದ ಬಂತು ಅಂತ ಕೇಳ್ತಾರೆ. ಎಂಟ್ರಿ ಅಂದ್ರೆ ಇಲ್ಲಿ ದಾಖಲೆ ಮಾಡುವುದು. ಹಡಗು ಒಂದಿಂಚು ಅಲ್ಲಾಡದೆ ಅದೇ ಜೆಟ್ಟಿಯಲ್ಲಿ ನಿಂತಿರ್ತದೆ, ಇನ್ವರ್ಡ್ಸೂ ಆಗ್ತದೆ ಔಟ್ವರ್ಡ್ಸೂ ಆಗ್ತದೆ.

ಟಪಾಲು ಗುಮಾಸ್ತ

ಸರ್ಕಾರಿ ಆಫೀಸಿಂದ ನಂದೊಂದು ಚಿಕ್ಕದು. ತಾಲ್ಲೂಕು ಕಚೇರಿಯ ಔಟ್ವರ್ಡ್ ನಂಬರ್ ಬೇರೆ, ಅದೇ ಪತ್ರ ಡಿಸಿ ಆಫೀಸಿಗೆ ಹೋದ್ಮೇಲೆ ಅಲ್ಲಿ ಬೀಳೋ ಇನ್ವರ್ಡ್ ನಂಬರ್ ಬೇರೆ. ಜನ ಬಂದು "ನನ್ನ ಅರ್ಜಿ ನಂಬರ್ ಇದೇ" ಅಂತ ಹಳೇ ಆಫೀಸಿನ ಔಟ್ವರ್ಡ್ ನಂಬರ್ ತೋರಿಸ್ತಾರೆ, ಅದನ್ನಿಟ್ಕೊಂಡು ನಮ್ ರಿಜಿಸ್ಟರಲ್ಲಿ ಹುಡುಕಿದ್ರೆ ಬೇರೆ ಯಾರದ್ದೋ ಪೆನ್ಷನ್ ಫೈಲ್ ಸಿಗುತ್ತೆ. ಅರ್ಜಿ ಕೊಡೋವಾಗ ಇನ್ನೊಂದು ಕಾಪಿ ತಗೊಂಡೋಗಿ, ಅದ್ರ ಮೇಲೆ ಇನ್ವರ್ಡ್ ಸೀಲು, ನಂಬರು, ತಾರೀಖು ಹಾಕಿಸ್ಕೊಳ್ದೆ ಕೌಂಟರ್ ಬಿಡ್ಬೇಡಿ. ಆರ್‌ಟಿಐ ಅರ್ಜಿಗೆ 30 ದಿನ ಅನ್ನೋದು ಅರ್ಜಿ ಸ್ವೀಕರಿಸಿದ ದಿನದಿಂದ, ನೀವು ಬರೆದ ದಿನದಿಂದ ಅಲ್ಲ. ಅಂದ ಹಾಗೆ "ಇದನ್ನ ಇನ್ವರ್ಡ್ ಮಾಡಿ" ಅಂತ ಕ್ರಿಯಾಪದ ಮಾಡ್ಕೊಂಡಿರೋದು ನಮ್ ಆಫೀಸ್ ಇಂಗ್ಲಿಷು, ಹೊರದೇಶದವ್ರಿಗೆ ಮೇಲ್ ಬರೀವಾಗ ರಿಸೀವ್ಡ್ ಅಂತಾನೋ ಲಾಗ್ಡ್ ಅಂತಾನೋ ಹಾಕಿ.

ಸ್ಟೋರ್ಸ್ ಹೊಸಬ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಹೊರಗೆ ಹೊರಕ್ಕೆ ಪಾಯಿಂಟ್ ತಲೇಲಿ ಕೂತ್ಬಿಟ್ತು ಮೇಡಂ. ಮೇಡಮ್ಮಿಗೆ, ಅಂದ್ರೆ ನಮ್ ಅಕೌಂಟ್ಸ್ ಮೇಡಮ್ಮಿಗೆ, ಇ-ವೇ ಬಿಲ್ ತೋರಿಸಿದೆ, "ಅದು ಟ್ರಾನ್ಸ್‌ಪೋರ್ಟಿಂದು ಕಣಯ್ಯ, ನಂದು ಟ್ಯಾಕ್ಸ್ ರಿಟರ್ನಿಂದು" ಅಂದ್ರು, ಅಂದ್ರೆ ಮೇಷ್ಟ್ರು ಹೇಳಿದ್ದೇ. ಇನ್ವರ್ಡ್ ಎಂಟ್ರಿ ಹಾಗೇ ಬಿಟ್ಟಿದಾರೆ, ಕ್ರೆಡಿಟ್ ನೋಟ್ ನಂಬರ್ ಪಕ್ಕದಲ್ಲಿ ಬರೆಸಿದ್ರು. ಕೊನೇ ಪ್ರಶ್ನೆ, ಹೊಸ ಕಸ್ಟಮರಿಗೆ ಫ್ರೀ ಸ್ಯಾಂಪಲ್ ಬುಶ್ ಕಳಿಸ್ತಾರೆ, ಅದು ವಾಪಸ್ಸೂ ಬರಲ್ಲ, ದುಡ್ಡೂ ಬರಲ್ಲ, ಅದು ಔಟ್ವರ್ಡಾ?

ಹಳೇ ಗೇಟ್‌ಪಾಸ್

ಗೇಟಿಗೆ ಔಟ್ವರ್ಡೇ. ವಾಪಸ್ ಬರಲ್ಲ ಅಂದ್ರೆ ನಾನ್ ರಿಟರ್ನಬಲ್ ಗೇಟ್ ಪಾಸ್, ಎನ್‌ಆರ್‌ಜಿಪಿ. ಸುಮ್ನೆ ಜೇಬಲ್ಲಿ ಹಾಕ್ಕೊಂಡು ಹೋಗೋಕೆ ಮಾತ್ರ ಯಾರನ್ನೂ ಬಿಡ್ಬೇಡ, ಸೇಲ್ಸ್ ಮ್ಯಾನೇಜರ್ ಆದ್ರೂ ಸರಿ. ಟ್ಯಾಕ್ಸ್ ವಿಷ್ಯ ಮೇಷ್ಟ್ರು ಹೇಳ್ಲಿ.

ಡೆಬಿಟ್ ಕ್ರೆಡಿಟ್ ಮೇಷ್ಟ್ರು

ಜಿಎಸ್‌ಟಿಲಿ ಸುಮ್ನೆ ಕೊಟ್ಟ ಸ್ಯಾಂಪಲ್ ಸಾಮಾನ್ಯವಾಗಿ ಸಪ್ಲೈನೇ ಅಲ್ಲ, ಸೋ ಔಟ್ವರ್ಡ್ ಸಪ್ಲೈ ಲೆಕ್ಕಕ್ಕೆ ಬರಲ್ಲ. ಸಂಬಂಧಪಟ್ಟ ಕಂಪನಿಗೇ ಕೊಟ್ರೆ ಮಾತ್ರ ಬೇರೆ ಕಥೆ. ಆದ್ರೆ ಆ ಬುಶ್ಶಿಗೆ ತಗೊಂಡ ರಾಡಿನ ಮೇಲಿನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ರಾಡ್ ತಗೊಳ್ಳೋವಾಗ ಕಟ್ಟಿದ ಟ್ಯಾಕ್ಸನ್ನ ನಾವು ಕಟ್ಟೋ ಟ್ಯಾಕ್ಸಲ್ಲಿ ಮುರ್ಕೊಳ್ಳೋದು) ಬಿಟ್ಕೊಡ್ಬೇಕು, ಸೆಕ್ಷನ್ 17(5), 2019 ಮಾರ್ಚಲ್ಲಿ ಬಂದ ಸರ್ಕ್ಯುಲರಲ್ಲೂ ಹೀಗೇ ಇದೆ. ಎಷ್ಟು ಪೀಸ್ ಹೋಯ್ತು ಅಂತ ಎನ್‌ಆರ್‌ಜಿಪಿ ಬುಕ್ಕಲ್ಲಿ ಇದ್ರೆ ತಾನೇ ಮೇಡಂ ಲೆಕ್ಕ ಹಾಕೋದು, ಅದಕ್ಕೆ ತಿಂಗಳ ಕೊನೇಲಿ ಒಂದು ಲಿಸ್ಟ್ ಮಾಡಿ ಅವ್ರಿಗೆ ಕೊಟ್ಬಿಡಿ.